ಒಂದೇ ಕಣ್ಣಿನ ಪೈಲಟ್: ವೈಲಿ ಪೋಸ್ಟ್

ಪೈಲಟ್ ಆಗ್ಬೇಕು ಅಂತ ಆಸೆಪಟ್ಟು ಕೊನೆಗೆ ಇಂಜಿನಿಯರಿಂಗ್ ಸೇರಿದವರು ನಮ್ಮ ಪ್ರತಿ ಬ್ಯಾಚಿನಲ್ಲೂ ಒಂದಿಬ್ಬರು ಸಿಗ್ತಾರೆ. ಕಾರಣ ಕೇಳಿದರೆ ಕೆಲವರದು ದುಡ್ಡು, ಕೆಲವರದು ಮನೆಯವರ ಭಯ, ಇನ್ನು ಕೆಲವರದು ಮೆಡಿಕಲ್. ಇದರಲ್ಲಿ ಅರ್ಧ ಜನ ಮೆಡಿಕಲ್‌ಗೆ ಹೋಗದೇನೇ ತಮಗೆ ತಾವೇ ಅನ್‌ಫಿಟ್ ಅಂತ ಸರ್ಟಿಫಿಕೇಟ್ ಕೊಟ್ಟುಕೊಂಡವರು. ಕನ್ನಡಕ ಹಾಕಿದವರಿಗೆ ವಿಮಾನ ಕೊಡೋಲ್ಲ ಅನ್ನೋ ಮಾತು ನಮ್ಮ ಹಾಸ್ಟೆಲಿನಲ್ಲಿ ಇವತ್ತಿಗೂ ಓಡಾಡ್ತಿದೆ. ನಾಗರಿಕ ವಿಮಾನಯಾನದಲ್ಲಿ ಅದು ನಿಜವಲ್ಲ. ಕನ್ನಡಕ ಹಾಕಿಕೊಂಡ ಮೇಲೆ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು.

ಕನ್ನಡಕದ ವಿಷಯ ಬಿಡಿ, ಒಂದು ಕಣ್ಣೇ ಇಲ್ಲದಿದ್ದರೆ? ಈ ಸಲದ ವ್ಯಕ್ತಿಪರಿಚಯಕ್ಕೆ ನಾವು ವೈಲಿ ಪೋಸ್ಟ್‌ನನ್ನು ಆರಿಸಿಕೊಂಡಿರೋದು ಈ ಪ್ರಶ್ನೆಯಿಂದಲೇ. ಒಬ್ಬನೇ ವಿಮಾನದಲ್ಲಿ ಭೂಮಿ ಸುತ್ತಿದ ಮೊದಲ ಮನುಷ್ಯ ಈತ. ಆತನಿಗೆ ಎಡಗಣ್ಣು ಇರಲಿಲ್ಲ.

ಹುಟ್ಟಿದ್ದು 1898ರ ನವೆಂಬರ್ 22ರಂದು, ಅಮೆರಿಕದ ಟೆಕ್ಸಸ್‌ನ ಒಂದು ರೈತ ಕುಟುಂಬದಲ್ಲಿ. ಆಮೇಲೆ ಮನೆಯವರು ಪಕ್ಕದ ಒಕ್ಲಹೋಮಾಕ್ಕೆ ಹೋಗಿ ನೆಲೆಸಿದರು. ಓದು ತಲೆಗೆ ಹತ್ತಲಿಲ್ಲ, ಯಂತ್ರ ಹತ್ತಿತು. 1913ರಲ್ಲಿ ಲಾಟನ್ ಊರಿನ ಜಾತ್ರೆಯಂಥ ಒಂದು ಮೇಳದಲ್ಲಿ ಮೊದಲ ಸಲ ವಿಮಾನ ನೋಡಿದ. ಅಲ್ಲಿಂದ ಮುಂದೆ ಹೊಲದ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕಾನ್ಸಾಸ್ ಸಿಟಿಗೆ ಹೋಗಿ ಆಟೋಮೊಬೈಲ್ ಮತ್ತು ವಿಮಾನಗಳ ಕೆಲಸ ಕಲಿಸುವ ಶಾಲೆ ಸೇರಿದ. ಮೊದಲ ಮಹಾಯುದ್ಧದ ಹೊತ್ತಿಗೆ ಸೇನೆಗೆ ಸೇರಿ ರೇಡಿಯೋ ಕಲಿಯುತ್ತಿದ್ದಾಗಲೇ ಯುದ್ಧ ಮುಗಿದುಹೋಯಿತು. ಮತ್ತೆ ತೈಲ ಬಾವಿಗಳ ಕೂಲಿ.

ಇನ್ನೊಂದು ಅಧ್ಯಾಯವನ್ನೂ ಮುಚ್ಚಿಡದೆ ಹೇಳಬೇಕು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಈತ ದಾರಿಯಲ್ಲಿ ಕಾರು ಅಡ್ಡಗಟ್ಟಿ ದರೋಡೆ ಮಾಡಲು ಹೋಗಿ 1921ರಲ್ಲಿ ಸಿಕ್ಕಿಬಿದ್ದ. 10 ವರ್ಷದ ಶಿಕ್ಷೆ ಆಯಿತು. ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಜೈಲಿನಲ್ಲಿದ್ದು 1922ರಲ್ಲಿ ಪೆರೋಲ್ ಮೇಲೆ ಹೊರಬಂದ. ಮಹಾಪುರುಷರ ಸಾಲಿಗೆ ಸೇರಿಸೋಕೆ ಸ್ವಲ್ಪ ಕಷ್ಟವಾದ ಆಸಾಮಿ, ಏನ್ ಮಾಡೋದು.

1924ರಲ್ಲಿ ಊರೂರು ಸುತ್ತಿ ವಿಮಾನದ ಸರ್ಕಸ್ ತೋರಿಸುವ ತಂಡವೊಂದಕ್ಕೆ ಪ್ಯಾರಾಚೂಟ್ ಜಿಗಿಯುವವನಾಗಿ ಸೇರಿಕೊಂಡ. ಹಾರಾಟವನ್ನು ಅಲ್ಲೇ ಅಷ್ಟಿಷ್ಟು ಕಲಿತ. ಸ್ವಂತಕ್ಕೆ ಒಂದು ವಿಮಾನ ಕೊಳ್ಳಬೇಕು, ಅದಕ್ಕೆ ದುಡ್ಡು ಬೇಕು ಅಂತ ಮತ್ತೆ ತೈಲ ಬಾವಿಗೇ ಹೋದ. 1926ರ ಅಕ್ಟೋಬರ್ 1. ಹೊಸ ಕೆಲಸದ ಮೊದಲ ದಿನ. ಪಕ್ಕದವನು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದಾಗ ಕಬ್ಬಿಣದ ಚೂರೊಂದು ಸಿಡಿದು ಪೋಸ್ಟ್‌ನ ಎಡಗಣ್ಣಿಗೆ ಹೊಕ್ಕಿತು. ಸೋಂಕು ತಗುಲಿ ಬಲಗಣ್ಣಿಗೂ ಅಪಾಯ ಬರುವಂತಾದಾಗ ಡಾಕ್ಟರುಗಳು ಎಡಗಣ್ಣನ್ನು ತೆಗೆದೇಬಿಟ್ಟರು.

ಕಣ್ಣಿಗೆ ಸಿಕ್ಕ ಪರಿಹಾರದ ಹಣ 2,000 ಡಾಲರಿಗೆ ಸ್ವಲ್ಪ ಕಮ್ಮಿ. ಬೇರೆ ಯಾರಾದರೂ ಆಗಿದ್ದರೆ ಒಂದು ಅಂಗಡಿ ಇಡುತ್ತಿದ್ದರೇನೋ. ಈತ ಹಳೆಯದೊಂದು ಕರ್ಟಿಸ್ ವಿಮಾನ ಕೊಂಡ.

ಕೊಳ್ಳುವ ಮೊದಲು ಮತ್ತೊಂದು ಕೆಲಸ ಮಾಡಿದ. ನಮ್ಮ ಪ್ರಕಾರ ಈತನ ಇಡೀ ಜೀವನದಲ್ಲಿ ಅತಿ ಮುಖ್ಯವಾದದ್ದು ಇದು. ಗಾಯ ಮಾಯುತ್ತಿದ್ದಾಗ ಚಿಕ್ಕಪ್ಪನ ಮನೆಯಲ್ಲಿ ಉಳಿದುಕೊಂಡಿದ್ದ. ಹೊರಗೆ ನಿಂತು ದೂರದ ಮರವನ್ನೋ ದಿಣ್ಣೆಯನ್ನೋ ನೋಡಿ ಎಷ್ಟು ದೂರ ಇರಬಹುದು ಅಂತ ಅಂದಾಜು ಹಾಕುವುದು, ಆಮೇಲೆ ಅಲ್ಲಿವರೆಗೆ ಹೆಜ್ಜೆ ಎಣಿಸುತ್ತಾ ನಡೆಯುವುದು. ಅಂದಾಜಿಗೂ ಹೆಜ್ಜೆಗೂ ಎಷ್ಟು ವ್ಯತ್ಯಾಸ ಅಂತ ನೋಡಿ ಮತ್ತೆ ಅಂದಾಜು, ಮತ್ತೆ ನಡಿಗೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಉಳಿದಿದ್ದ ಒಂದು ಸೆನ್ಸರನ್ನು ಆತ ಕ್ಯಾಲಿಬ್ರೇಟ್ ಮಾಡ್ತಿದ್ದ.

ಇದು ನಿಜವಾಗಿ ಕೆಲಸ ಮಾಡುತ್ತಾ ಅನ್ನೋ ಅನುಮಾನ ಬರುತ್ತೆ. ಸ್ವಲ್ಪ ಲೆಕ್ಕ ನೋಡೋಣ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರ ಇದೆ. ಒಂದು ವಸ್ತುವನ್ನು ಎರಡೂ ಕಣ್ಣು ಬೇರೆಬೇರೆ ಕೋನದಿಂದ ನೋಡುತ್ತವೆ, ಆ ಕೋನದ ವ್ಯತ್ಯಾಸದಿಂದ ಮಿದುಳು ದೂರವನ್ನು ಲೆಕ್ಕ ಹಾಕುತ್ತೆ. 6 ಮೀಟರ್ ದೂರದಲ್ಲಿ ಈ ಕೋನ ಸುಮಾರು 0.6 ಡಿಗ್ರಿ. 600 ಮೀಟರ್ ದೂರಕ್ಕೆ ಹೋದರೆ ಅದರ ನೂರನೇ ಒಂದು ಪಾಲು. ಒಂದರ ಹಿಂದೆ ಒಂದಿರುವ ಎರಡು ವಸ್ತುಗಳಲ್ಲಿ ಯಾವುದು ಮುಂದೆ ಅಂತ ಗುರುತಿಸುವ ಶಕ್ತಿ ಇನ್ನೂ ಬೇಗ, ದೂರದ ವರ್ಗದ ಲೆಕ್ಕದಲ್ಲಿ ಕುಸಿಯುತ್ತೆ. ಸೂಜಿಗೆ ದಾರ ಪೋಣಿಸೋಕೆ ಎರಡು ಕಣ್ಣಿನ ಲಾಭ ಬಹಳ. ಅರ್ಧ ಕಿಲೋಮೀಟರ್ ಆಚೆಯ ರನ್‌ವೇ ವಿಷಯದಲ್ಲಿ ಎರಡು ಕಣ್ಣಿದ್ದವರೂ ಹೆಚ್ಚುಕಮ್ಮಿ ಒಕ್ಕಣ್ಣರೇ. ಅಲ್ಲಿ ನೆರವಿಗೆ ಬರೋದು ಬೇರೆ ಸುಳಿವುಗಳು: ಗೊತ್ತಿರುವ ವಸ್ತು ಎಷ್ಟು ದೊಡ್ಡದಾಗಿ ಕಾಣ್ತಿದೆ, ಹತ್ತಿರದ್ದು ದೂರದ್ದಕ್ಕಿಂತ ಎಷ್ಟು ವೇಗವಾಗಿ ಹಿಂದೆ ಸರೀತಿದೆ, ರನ್‌ವೇಯ ಎರಡು ಅಂಚುಗಳು ಯಾವ ಕೋನದಲ್ಲಿ ಕೂಡ್ತಿವೆ. ಇವಕ್ಕೆಲ್ಲ ಒಂದು ಕಣ್ಣು ಸಾಕು, ಆದರೆ ಅಭ್ಯಾಸ ಬೇಕು. ಒಕ್ಕಣ್ಣನಿಗೆ ನಿಜವಾದ ನಷ್ಟ ಇನ್ನೊಂದಿದೆ. ಮೂಗಿನ ಆ ಬದಿಯ ಹೊರಗಿನ ನೋಟ ಪೂರ್ತಿ ಹೋಗಿರುತ್ತೆ. ಎಡಗಡೆಯಿಂದ ಇನ್ನೊಂದು ವಿಮಾನ ಬಂದರೆ ತಲೆ ತಿರುಗಿಸಿದರೆ ಮಾತ್ರ ಕಾಣೋದು.

ಕಾನೂನಿಗೆ ಈ ಲೆಕ್ಕ ಬೇಕಾಗಿರಲಿಲ್ಲ. ಪೋಸ್ಟ್ ಕಣ್ಣು ಕಳೆದುಕೊಂಡ 1926ನೇ ವರ್ಷವೇ ಅಮೆರಿಕದಲ್ಲಿ ನಾಗರಿಕ ವಿಮಾನಯಾನಕ್ಕೆ ಮೊದಲ ಕೇಂದ್ರ ಕಾನೂನು ಬಂದದ್ದು. ಅಲ್ಲಿಯವರೆಗೆ ದುಡ್ಡಿದ್ದವನು ವಿಮಾನ ಕೊಂಡು ಹಾರಿಸಬಹುದಿತ್ತು, ಕೇಳೋರಿರಲಿಲ್ಲ. ಹೊಸ ಕಾನೂನಿನಲ್ಲಿ ಪೈಲಟ್‌ಗೂ ಲೈಸೆನ್ಸ್, ವಿಮಾನಕ್ಕೂ ಲೈಸೆನ್ಸ್. ಪೈಲಟ್ ಲೈಸೆನ್ಸಿಗೆ ಮೊದಲು ಡಾಕ್ಟರ ಪರೀಕ್ಷೆ. ವಾಣಿಜ್ಯ ಇಲಾಖೆಯ ವಿಮಾನಯಾನ ವಿಭಾಗಕ್ಕೆ ಮೊದಲ ವೈದ್ಯಕೀಯ ನಿರ್ದೇಶಕನಾಗಿ ಬಂದವನು ಸೇನೆಯ ವೈದ್ಯ ಲೂಯಿಸ್ ಬಾವರ್. 1927ರ ಫೆಬ್ರವರಿಯಲ್ಲಿ ದೇಶದ ಬೇರೆಬೇರೆ ಊರುಗಳ 57 ವೈದ್ಯರನ್ನು ಪೈಲಟ್‌ಗಳ ಪರೀಕ್ಷೆಗೆಂದೇ ನೇಮಿಸಲಾಯಿತು. ಇವತ್ತು ಪ್ರಪಂಚದಾದ್ಯಂತ ಇರುವ ಏವಿಯೇಷನ್ ಮೆಡಿಕಲ್ ಎಕ್ಸಾಮಿನರ್‌ಗಳ ವ್ಯವಸ್ಥೆ ಬೆಳೆದದ್ದು ಇಂಥ ಪಟ್ಟಿಗಳಿಂದ.

ಬಾವರ್‌ನನ್ನು ಈ ಕಥೆಯ ವಿಲನ್ ಮಾಡೋಕೆ ನಮಗೆ ಇಷ್ಟ ಇಲ್ಲ. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಗುಂಡಿಗಿಂತ ಪೈಲಟ್‌ನ ತಪ್ಪಿನಿಂದ, ಮೈಯ ಅಶಕ್ತಿಯಿಂದ ಬಿದ್ದ ವಿಮಾನಗಳು ಬಹಳ ಅಂತ ಸೇನೆಯ ವೈದ್ಯರಿಗೆ ಮನವರಿಕೆಯಾಗಿತ್ತು. ವಿಮಾನದಲ್ಲಿ ಕೂತವನಿಗೆ ಪೈಲಟ್‌ನ ಹೃದಯವಾಗಲಿ ಕಣ್ಣಾಗಲಿ ಕಾಣೋದಿಲ್ಲ, ಅವನ ಪರವಾಗಿ ಯಾರಾದರೂ ನೋಡಲೇಬೇಕು. ಆದರೆ ಏನನ್ನು ನೋಡಬೇಕು? ಆ ಕಾಲದ ಅಮೆರಿಕದ ಸೇನೆಯಲ್ಲಿ ದೂರದ ಅಂದಾಜಿಗೆ ಒಂದು ಪೆಟ್ಟಿಗೆಯ ಪರೀಕ್ಷೆ ಇತ್ತು. 6 ಮೀಟರ್ ದೂರದ ಪೆಟ್ಟಿಗೆಯೊಳಗೆ ಎರಡು ಕಪ್ಪು ಕಡ್ಡಿ, ಅಭ್ಯರ್ಥಿಯ ಕೈಯಲ್ಲಿ ದಾರ. ದಾರ ಎಳೆದು ಎರಡು ಕಡ್ಡಿಗಳನ್ನೂ ಒಂದೇ ಸಾಲಿಗೆ ತರಬೇಕು. ಪರೀಕ್ಷೆ ಸರಳ, ಅಳತೆ ಖಚಿತ, ಯಾವ ಊರಿನ ಡಾಕ್ಟರಾದರೂ ಮಾಡಬಹುದು. ಸರಳವಾಗಿ ಅಳೆಯಲು ಬರುವುದನ್ನೇ ಅಳೆಯುವ ಚಾಳಿ ನಮ್ಮ ಲ್ಯಾಬುಗಳಲ್ಲೂ ಇದೆಯಲ್ಲ. ಮೇಲಿನ ಲೆಕ್ಕ ನೋಡಿದರೆ ಆ 6 ಮೀಟರ್ ಪೆಟ್ಟಿಗೆ ಎರಡು ಕಣ್ಣಿನ ಹೊಂದಾಣಿಕೆಯನ್ನು ಅಳೆಯುತ್ತೆ, ವಿಮಾನ ಇಳಿಸೋ ಶಕ್ತಿಯನ್ನಲ್ಲ.

ಪೋಸ್ಟ್ ಅಷ್ಟರಲ್ಲಿ ತನ್ನ ವಿಮಾನದಲ್ಲಿ ಜನರನ್ನು ಕೂರಿಸಿಕೊಂಡು ಹಾರಿಸುತ್ತಾ ಹೊಟ್ಟೆ ಹೊರೆಯುತ್ತಿದ್ದ. 1927ರಲ್ಲಿ ಮೇ ಲೇನ್ ಎಂಬ ಹುಡುಗಿಯನ್ನು ಮನೆಯವರ ಒಪ್ಪಿಗೆಯಿಲ್ಲದೆ ಅದೇ ವಿಮಾನದಲ್ಲಿ ಕರೆದುಕೊಂಡು ಹೋಗುವಾಗ ಇಂಜಿನ್ ಕೈಕೊಟ್ಟಿತು. ಸಿಕ್ಕಿದ ಹೊಲದಲ್ಲಿ ಇಳಿಸಿ, ಹತ್ತಿರದ ಪಾದ್ರಿಯನ್ನು ಹುಡುಕಿ ಅಲ್ಲೇ ಮದುವೆಯಾದರು. ಆಮೇಲೆ ಎಫ್. ಸಿ. ಹಾಲ್ ಎಂಬ ತೈಲ ವ್ಯಾಪಾರಿ ಈತನನ್ನು ಸ್ವಂತ ಪೈಲಟ್ ಆಗಿ ಇಟ್ಟುಕೊಂಡ. ಈಗ ಸರಿಯಾದ ಲೈಸೆನ್ಸ್ ಬೇಕೇ ಬೇಕು.

ನಿಯಮದ ಪ್ರಕಾರ ಉತ್ತರ ಸಿಗಬೇಕಾಗಿದ್ದದ್ದು ಇಲ್ಲ ಅಂತ. ಆದರೆ ನಿಯಮದಲ್ಲಿ ಒಂದು ಕಿಂಡಿ ಇತ್ತು. ದೇಹದಲ್ಲಿ ಕೊರತೆ ಇದ್ದೂ ಅನುಭವದಿಂದ ಅದನ್ನು ತುಂಬಿಕೊಂಡವರಿಗೆ ವಿನಾಯಿತಿ ಕೊಡಬಹುದಿತ್ತು. ಪೋಸ್ಟ್‌ಗೆ ಹಾಕಿದ ಷರತ್ತು 700 ಗಂಟೆ. ಅಷ್ಟು ಹೊತ್ತು ಪರೀಕ್ಷಾರ್ಥಿಯಾಗಿ ಹಾರಿಸಿ ತೋರಿಸಬೇಕು. ಇವತ್ತು ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಬೇಕಾಗೋದು 200 ಗಂಟೆ ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ. ಆತ ಹಾರಿಸಿ ತೋರಿಸಿದ. 1928ರ ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಕೈಗೆ ಬಂತು.

ಮುಂದಿನ ಐದು ವರ್ಷದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ, ಬೇಗ ಹೇಳಿಬಿಡ್ತೀವಿ. ಹಾಲ್ ಕೊಂಡ ಲಾಕ್‌ಹೀಡ್ ವೇಗಾ ವಿಮಾನಕ್ಕೆ ಆತನ ಮಗಳ ಹೆಸರು, ವಿನ್ನಿ ಮೇ. ಅದರಲ್ಲಿ ಪೋಸ್ಟ್ 1930ರಲ್ಲಿ ಲಾಸ್ ಏಂಜಲಿಸ್‌ನಿಂದ ಶಿಕಾಗೋಗೆ ನಡೆದ ರೇಸ್ ಗೆದ್ದ. 1931ರ ಜೂನ್ 23ರಂದು ಟಾಸ್ಮೇನಿಯಾದ ದಿಕ್ಕುದೆಸೆ ಪಂಡಿತ ಹೆರಾಲ್ಡ್ ಗ್ಯಾಟಿಯನ್ನು ಕೂರಿಸಿಕೊಂಡು ನ್ಯೂಯಾರ್ಕ್‌ನಿಂದ ಹೊರಟು, ಯುರೋಪ್, ಸೈಬೀರಿಯಾ, ಅಲಾಸ್ಕಾ ದಾಟಿ 8 ದಿನ 15 ಗಂಟೆ 51 ನಿಮಿಷದಲ್ಲಿ ವಾಪಸ್ ಬಂದ. ಅದಕ್ಕೂ ಮೊದಲು ಗ್ರಾಫ್ ಜೆಪ್ಪೆಲಿನ್ ಎಂಬ ವಾಯುನೌಕೆ ಭೂಮಿ ಸುತ್ತಲು 21 ದಿನ ತೆಗೆದುಕೊಂಡಿತ್ತು. 1933ರ ಜುಲೈನಲ್ಲಿ ಗ್ಯಾಟಿಯ ಜಾಗಕ್ಕೆ ಸ್ಪೆರ್ರಿ ಕಂಪನಿಯ ಆಟೋಪೈಲಟ್ ಮತ್ತು ರೇಡಿಯೋ ದಿಕ್ಸೂಚಿ ಹಾಕಿಕೊಂಡು ಒಬ್ಬನೇ ಹೊರಟ. 7 ದಿನ 18 ಗಂಟೆ 49 ನಿಮಿಷ. ಫೋಟೋಗಳಲ್ಲಿ ಕಾಣುವ ಕಣ್ಣಿನ ಪಟ್ಟಿ ಸ್ಟೈಲಿಗೆ ಹಾಕಿದ್ದಲ್ಲ. ಗಾಜಿನ ಕಣ್ಣು ಚಳಿಗೆ ತಣ್ಣಗಾಗಿ ತಲೆನೋವು ಬರ್ತಿತ್ತು, ಅದಕ್ಕೆ.

ಈ ಯಾತ್ರೆಗಳ ತಯಾರಿಯಲ್ಲಿ ನಮಗೆ ಹಿಡಿಸಿದ್ದು ನಿದ್ದೆಯ ವಿಷಯ. ಭೂಮಿ ಸುತ್ತುವಾಗ ಹಗಲು ರಾತ್ರಿಯ ಲೆಕ್ಕವೇ ತಪ್ಪಿಹೋಗುತ್ತೆ, ಇಂಜಿನ್ ಸರಿಯಿದ್ದರೂ ಮನುಷ್ಯ ಸೋಲ್ತಾನೆ ಅಂತ ಆತ ಮೊದಲೇ ಲೆಕ್ಕ ಹಾಕಿದ್ದ. ಹೊರಡುವ ಮುಂಚೆ ಅನೇಕ ವಾರ ಒಂದೇ ಹೊತ್ತಿಗೆ ಮಲಗುವ ಅಭ್ಯಾಸವನ್ನೇ ಮುರಿದುಕೊಂಡ. ಒಂದು ದಿನ ಹಗಲು, ಇನ್ನೊಂದು ದಿನ ಮಧ್ಯರಾತ್ರಿ, ಹೊತ್ತುಗೊತ್ತಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ನಾವೂ ಇದನ್ನೇ ಮಾಡ್ತೀವಿ, ದಾಖಲೆ ಮಾತ್ರ ಆಗ್ತಿಲ್ಲ. ಒಬ್ಬನೇ ಹಾರಿದಾಗ ಬೆರಳಿಗೆ ದಾರ ಕಟ್ಟಿ ಅದಕ್ಕೊಂದು ಸ್ಪ್ಯಾನರ್ ಕಟ್ಟಿ ಕೈಯಲ್ಲಿ ಹಿಡಿದಿದ್ದನಂತೆ. ತೂಕಡಿಸಿದರೆ ಕೈ ಸಡಿಲಾಗಿ ಸ್ಪ್ಯಾನರ್ ಬೀಳುತ್ತೆ, ದಾರ ಜಗ್ಗಿ ಎಚ್ಚರ ಆಗುತ್ತೆ. ದೇಹದೊಳಗಿನ ಗಡಿಯಾರದ ವಿಷಯ, ಪೈಲಟ್‌ನ ಆಯಾಸದ ವಿಷಯ ಆಗಿನ ಯಾವ ಮೆಡಿಕಲ್ ಫಾರಂನಲ್ಲೂ ಇರಲಿಲ್ಲ. ಇವತ್ತು ಪೈಲಟ್‌ಗಳ ಡ್ಯೂಟಿ ಗಂಟೆಗೆ ಮಿತಿ ಹಾಕುವ ನಿಯಮಗಳೇ ಬೇರೆ ಇವೆ, ಅವುಗಳ ಮೇಲೆ ಜಗಳವೂ ನಡೀತಿರುತ್ತೆ.

ಇಲ್ಲಿಯವರೆಗೆ ಆತ ಗೆದ್ದದ್ದು ಅಭ್ಯಾಸದಿಂದ. 1934ರಲ್ಲಿ ಅಭ್ಯಾಸಕ್ಕೆ ಬಗ್ಗದ ಒಂದು ಮಿತಿ ಎದುರಾಯಿತು. ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ನಡೆಯಲಿದ್ದ ದೊಡ್ಡ ರೇಸ್ ಮೇಲೆ ಆತನ ಕಣ್ಣಿತ್ತು. ಹಳೆಯ ವಿನ್ನಿ ಮೇ ಹೊಸ ವಿಮಾನಗಳನ್ನು ಸೋಲಿಸಬೇಕಾದರೆ ಗಾಳಿ ತೆಳುವಾಗಿರುವ ಎತ್ತರಕ್ಕೆ ಹೋಗಬೇಕು. ಅಲ್ಲಿ ಮನುಷ್ಯನ ಕಥೆ ಏನು? 40,000 ಅಡಿಯಲ್ಲಿ ಗಾಳಿಯ ಒತ್ತಡ ಪಾದರಸದ ಸುಮಾರು 141 ಮಿಲಿಮೀಟರ್. ಪೂರ್ತಿ ಶುದ್ಧ ಆಮ್ಲಜನಕ ಉಸಿರಾಡಿದರೂ ಹೇಗೋ ಏಗಬಹುದು ಅಷ್ಟೆ. 50,000 ಅಡಿಗೆ ಹೋದರೆ ಒತ್ತಡ 87 ಮಿಲಿಮೀಟರ್. ನಮ್ಮ ಶ್ವಾಸಕೋಶದೊಳಗೆ ನೀರಿನ ಆವಿಯದೇ 47, ಇಂಗಾಲದ ಡೈಆಕ್ಸೈಡಿನದು ಸುಮಾರು 40. ಕೂಡಿಸಿ ನೋಡಿ. ಆಮ್ಲಜನಕಕ್ಕೆ ಜಾಗವೇ ಇಲ್ಲ. ಇದಕ್ಕೆ ಯಾವ ಇಲಾಖೆಯೂ ವಿನಾಯಿತಿ ಕೊಡಲು ಬರೋದಿಲ್ಲ, 700 ಗಂಟೆಯಲ್ಲ 7,000 ಗಂಟೆ ಹಾರಿಸಿ ತೋರಿಸಿದರೂ.

ಕ್ಯಾಬಿನ್‌ನೊಳಗೆ ಒತ್ತಡ ತುಂಬೋಣ ಅಂದರೆ ವಿನ್ನಿ ಮೇಯ ಒಡಲು ಪ್ಲೈವುಡ್‌ನದು, ತಡೆಯೋಲ್ಲ. ಆಗ ಪೋಸ್ಟ್ ಯೋಚಿಸಿದ್ದು ಪೈಲಟ್‌ನ ಮೈಗಷ್ಟೇ ಒತ್ತಡದ ಚೀಲ ತೊಡಿಸುವ ದಾರಿ. ಟೈರು ಮಾಡುವ ಗುಡ್‌ರಿಚ್ ಕಂಪನಿಗೆ ಹೋದ. ಅಲ್ಲಿ ರಸೆಲ್ ಕಾಲಿ ಎಂಬ ಇಂಜಿನಿಯರ್ ಜೊತೆಯಾದ. ಮೊದಲ ಸೂಟು ರಬ್ಬರ್ ಬಳಿದ ಪ್ಯಾರಾಚೂಟ್ ಬಟ್ಟೆ, ಹಂದಿ ಚರ್ಮದ ಕೈಗವಸು, ಅಲ್ಯುಮಿನಿಯಂ ಹೆಲ್ಮೆಟ್ಟಿನದು. ಒತ್ತಡ ತುಂಬಿದಾಗ ತಡೆಯಲಿಲ್ಲ. ಎರಡನೆಯದರೊಳಗೆ ಪೋಸ್ಟ್ ಸಿಕ್ಕಿಹಾಕಿಕೊಂಡು, ಕೊನೆಗೆ ಸೂಟನ್ನೇ ಕತ್ತರಿಸಿ ಆತನನ್ನು ಹೊರತೆಗೆದರು. ಮೂರನೆಯದರಲ್ಲಿ ಕೆಲಸ ಹಂಚಿದರು: ಒಳಗೆ ಗಾಳಿ ಹಿಡಿಯುವ ರಬ್ಬರ್ ಪದರ, ಹೊರಗೆ ಆ ರಬ್ಬರ್ ಉಬ್ಬದಂತೆ ಬಿಗಿಹಿಡಿಯುವ ಬಟ್ಟೆಯ ಪದರ. ಒತ್ತಡ ತುಂಬಿದ ಚೀಲ ಮಡಚೋದಿಲ್ಲವಲ್ಲ, ಅದಕ್ಕೆ ಇಡೀ ಸೂಟನ್ನು ಕೂತ ಭಂಗಿಯಲ್ಲೇ ಹೊಲಿದರು. ಹೆಲ್ಮೆಟ್ಟಿನ ಮುಂದೆ ದುಂಡಗಿನ ಒಂದೇ ಕಿಟಕಿ. ಪೋಸ್ಟ್‌ಗೆ ಅಷ್ಟೇ ಸಾಕಿತ್ತು.

1934ರ ಸೆಪ್ಟೆಂಬರಿನಲ್ಲಿ ಶಿಕಾಗೋ ಮೇಲೆ 40,000 ಅಡಿ ಎತ್ತರಕ್ಕೆ ಇದೇ ಸೂಟಿನಲ್ಲಿ ಏರಿದ. ಡಿಸೆಂಬರಿನಲ್ಲಿ ಸುಮಾರು 50,000 ಅಡಿ ಮುಟ್ಟಿದರೂ ಉಪಕರಣದ ತೊಂದರೆಯಿಂದ ಅದು ಅಧಿಕೃತ ದಾಖಲೆ ಆಗಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಇಂಜಿನ್ ಕೆಟ್ಟು ಕ್ಯಾಲಿಫೋರ್ನಿಯಾದ ಒಣಕೆರೆಯೊಂದರಲ್ಲಿ ಇಳಿಸಿದಾಗ, ಹೆಲ್ಮೆಟ್ ಬಿಚ್ಚಲು ಸಹಾಯ ಕೇಳೋಣ ಅಂತ ಹತ್ತಿರ ಕಾರು ರಿಪೇರಿ ಮಾಡುತ್ತಿದ್ದವನ ಬಳಿ ನಡೆದುಹೋದ. ಆ ಮನುಷ್ಯ ಭೂತ ಕಂಡವನಂತೆ ಬೆಚ್ಚಿಬಿದ್ದನಂತೆ. ಮಾರ್ಚಿ 15ರಂದು ಬರ್ಬ್ಯಾಂಕ್‌ನಿಂದ ಕ್ಲೀವ್‌ಲ್ಯಾಂಡ್‌ವರೆಗೆ 2,035 ಮೈಲಿಯನ್ನು 7 ಗಂಟೆ 19 ನಿಮಿಷದಲ್ಲಿ ದಾಟಿದ. ಸರಾಸರಿ ಗಂಟೆಗೆ ಸುಮಾರು 278 ಮೈಲಿ. ವಿಮಾನದ ಶಕ್ತಿಗೆ ಮೀರಿದ ವೇಗ ಅದು. ಹಿಂದಿನಿಂದ ತಳ್ಳಿದ್ದು ಇವತ್ತು ನಾವು ಜೆಟ್ ಸ್ಟ್ರೀಮ್ ಅನ್ನುವ ಎತ್ತರದ ಗಾಳಿ. ಅದರ ಮೇಲೆ ಸವಾರಿ ಮಾಡಿದ ಮೊದಲಿಗರಲ್ಲಿ ಈತ ಒಬ್ಬ.

ಅದೇ ವರ್ಷ ಅಲಾಸ್ಕಾ ಕಡೆ ಹೋಗಲು ಬೇರೆಯೇ ಒಂದು ವಿಮಾನ ಜೋಡಿಸಿದ. ಒಂದು ಮಾಡೆಲ್‌ನ ಒಡಲು, ಇನ್ನೊಂದು ಮಾಡೆಲ್‌ನ ರೆಕ್ಕೆ. ನೀರಿನ ಮೇಲೆ ಇಳಿಯಲು ಬೇಕಾದ ಫ್ಲೋಟ್‌ಗಳು ಸಮಯಕ್ಕೆ ಬರಲಿಲ್ಲ, ದೊಡ್ಡ ವಿಮಾನಕ್ಕೆ ಮಾಡಿದ್ದನ್ನೇ ಹಾಕಿಸಿದ. ಮೂಗು ಭಾರವಾಯಿತು. ಲಾಕ್‌ಹೀಡ್ ಕಂಪನಿ ಈ ಜೋಡಣೆಗೆ ಒಪ್ಪಿರಲಿಲ್ಲ. 1935ರ ಆಗಸ್ಟ್ 15ರಂದು, ಅಮೆರಿಕದಲ್ಲಿ ಮನೆಮಾತಾಗಿದ್ದ ಹಾಸ್ಯಗಾರ ವಿಲ್ ರಾಜರ್ಸ್ ಜೊತೆ ಹೋಗುತ್ತಾ, ಮಂಜಿನಲ್ಲಿ ದಾರಿ ತಪ್ಪಿ ಪಾಯಿಂಟ್ ಬ್ಯಾರೋ ಹತ್ತಿರದ ಒಂದು ಹಿನ್ನೀರಿನಲ್ಲಿ ಇಳಿದ. ದಾರಿ ಕೇಳಿಕೊಂಡು ಮತ್ತೆ ಏರುವಾಗ ಇಂಜಿನ್ ನಿಂತಿತು. ಅಷ್ಟು ಮೂಗುಭಾರದ ವಿಮಾನವನ್ನು ಇಂಜಿನ್ ಇಲ್ಲದೆ ಸಮತೋಲಕ್ಕೆ ತರಲು ಆಗಲಿಲ್ಲ. ಇಬ್ಬರೂ ಸತ್ತರು. ಪೋಸ್ಟ್‌ಗೆ ಆಗ 36 ವರ್ಷ.

ಒಕ್ಕಣ್ಣನಾದ್ದರಿಂದ ಬಿದ್ದ ಅಂತ ಹೇಳಲು ನಮಗೆ ಯಾವ ಆಧಾರವೂ ಕಾಣಲಿಲ್ಲ. ನಮ್ಮನ್ನು ಕಾಡೋದು ಬೇರೆ. ತನ್ನ ಕಣ್ಣಿನ ವಿಷಯದಲ್ಲಿ ಹೆಜ್ಜೆ ಎಣಿಸಿ, 700 ಗಂಟೆ ಹಾರಿಸಿ ಸಾಬೀತು ಮಾಡಿದ ಮನುಷ್ಯ, ಆ ವಿಮಾನದ ಗುರುತ್ವಕೇಂದ್ರದ ವಿಷಯದಲ್ಲಿ ಅದರ ಕಾಲು ಭಾಗದಷ್ಟು ತಾಳ್ಮೆಯನ್ನೂ ತೋರಿಸಲಿಲ್ಲ. ಕೊರತೆ ಇರೋದನ್ನೂ ಪರಿಣತಿಯಿಂದ ಹಾರಿಸಿಬಿಡ್ತೀನಿ ಅನ್ನೋ ಧೈರ್ಯ ಅಲ್ಲಿ ಹೆಚ್ಚಾಯಿತೇನೋ ಅನ್ಸುತ್ತೆ.

ವಿನ್ನಿ ಮೇಯನ್ನು ಹೆಂಡತಿ ಮೇ 25,000 ಡಾಲರಿಗೆ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟಳು. ಕಾಲಿ ಮುಂದೆ ನಾಸಾದ ಮರ್ಕ್ಯುರಿ ಗಗನಯಾತ್ರಿಗಳ ಸೂಟಿನ ಕೆಲಸದಲ್ಲೂ ಇದ್ದ. ಆ ಸಾಲಿನ ವೈದ್ಯಕೀಯ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತೆ. ಹಳೆ ವಿಮಾನ ನಿಲ್ದಾಣದ ಹತ್ತಿರ ವಿಮಾನಪುರದಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಶುರುವಾದದ್ದು 1957ರಲ್ಲಿ. ಎತ್ತರದ ಒತ್ತಡವನ್ನು ನೆಲದ ಮೇಲೇ ಸೃಷ್ಟಿಸುವ ಕೋಣೆ ಅಲ್ಲಿದೆ. ಗಗನಯಾನದ ಯಾತ್ರಿಗಳ ವೈದ್ಯಕೀಯ ಆಯ್ಕೆ ಆದದ್ದೂ ಅಲ್ಲೇ. ನಾಗರಿಕ ಪೈಲಟ್‌ಗಳ ಕ್ಲಾಸ್ 1 ಮೆಡಿಕಲ್‌ಗೂ ಎಷ್ಟೋ ಜನ ಅಲ್ಲಿಗೆ ಹೋಗಿ ಬಂದಿದ್ದಾರೆ.

ಇವತ್ತಿನ ಅಂತರರಾಷ್ಟ್ರೀಯ ನಿಯಮದಲ್ಲಿ ಮೂರು ದರ್ಜೆ. ವಾಣಿಜ್ಯ ಪೈಲಟ್‌ಗೆ ಕ್ಲಾಸ್ 1, ಖಾಸಗಿ ಪೈಲಟ್‌ಗೆ ಕ್ಲಾಸ್ 2, ಏರ್ ಟ್ರಾಫಿಕ್ ಕಂಟ್ರೋಲರ್‌ಗೆ ಕ್ಲಾಸ್ 3. ಕ್ಲಾಸ್ 1 ಸಾಮಾನ್ಯವಾಗಿ 12 ತಿಂಗಳಿಗೊಮ್ಮೆ, 60 ದಾಟಿದವರಿಗೆ 6 ತಿಂಗಳಿಗೊಮ್ಮೆ. ಪೋಸ್ಟ್ ತೂರಿ ಬಂದ ಆ ಕಿಂಡಿ ಕೂಡ ನಿಯಮದಲ್ಲಿ ಹಾಗೇ ಉಳಿದಿದೆ: ಮಾನದಂಡಕ್ಕೆ ಹೊಂದದಿದ್ದರೂ, ಪರಿಣತ ವೈದ್ಯರು ಪರಿಶೀಲಿಸಿ, ಆ ವ್ಯಕ್ತಿಯ ಸಾಮರ್ಥ್ಯ ಮತ್ತು ಅನುಭವ ನೋಡಿ, ಹಾರಾಟದ ಸುರಕ್ಷತೆಗೆ ಧಕ್ಕೆ ಇಲ್ಲ ಅಂದರೆ ಸರ್ಟಿಫಿಕೇಟ್ ಕೊಡಬಹುದು. ಅದನ್ನು ಎಷ್ಟು ಉದಾರವಾಗಿ ಬಳಸಬೇಕು ಅನ್ನೋದು ಆಯಾ ದೇಶಕ್ಕೆ ಬಿಟ್ಟದ್ದು.

ಅಮೆರಿಕದಲ್ಲಿ ಈಗ ಒಂದು ಕಣ್ಣು ಕಳೆದುಕೊಂಡ ಪೈಲಟ್ ಮೊದಲು ಕೆಲವು ತಿಂಗಳು ಕಾಯಬೇಕು, ಉಳಿದ ಕಣ್ಣಿಗೆ ಅಭ್ಯಾಸ ಆಗಲಿ ಅಂತ. ಆಮೇಲೆ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು ವಿಮಾನ ಹಾರಿಸಲು ಹೇಳ್ತಾನೆ. ಪರಿಚಯವಿಲ್ಲದ ಜಾಗದ ಮೇಲೆ ಎತ್ತರದಲ್ಲಿದ್ದಾಗ ಇಂಜಿನ್ ನಿಂತಿತು ಅಂದುಕೋ, ಇಳಿಯಲು ಒಂದು ಹೊಲ ಆರಿಸು ಅಂತ ಕೇಳ್ತಾನೆ. ಬೇರೆ ವಿಮಾನ ಬರ್ತಿರೋದನ್ನು ಎಷ್ಟು ಬೇಗ ಗುರುತಿಸ್ತಾನೆ, ಹಾರುತ್ತಲೇ ನಕ್ಷೆ ಓದ್ತಾನಾ, ರನ್‌ವೇ ಮೇಲೆ ಚಕ್ರ ಹೇಗೆ ಇಡ್ತಾನೆ ಅಂತ ನೋಡ್ತಾನೆ. ಪಾಸಾದರೆ ಅವನ ಸಾಮರ್ಥ್ಯ ಸಾಬೀತಾಗಿದೆ ಅನ್ನೋ ಒಂದು ಪತ್ರ ಸಿಗುತ್ತೆ. ಮುಂದಿನ ಮೆಡಿಕಲ್‌ಗಳಿಗೆ ಅದನ್ನು ಜೊತೆಯಲ್ಲಿ ಇಟ್ಟುಕೊಂಡು ಹೋದರೆ ಆಯ್ತು.